ಹೆರೋದನ ಮರಣ ಮತ್ತು ಗ್ರಹಣದ ಸಾಕ್ಷ್ಯ

ಯೆಹೂದ್ಯರನ್ನು ಆಳಿದ ಮಹಾ ಹೆರೋದ ಸತ್ತದ್ದು ಯಾವ ವರ್ಷ? ಕ್ರಿ.ಪೂ. 4 ಎನ್ನುತ್ತಾರೆ ಬಹುಪಾಲು ಇತಿಹಾಸಕಾರರು. 1966ರಲ್ಲಿ ಡಬ್ಲ್ಯು. ಇ. ಫಿಲ್ಮರ್ ಇದನ್ನು ಪ್ರಶ್ನಿಸಿ ಕ್ರಿ.ಪೂ. 1 ಎಂದು ವಾದಿಸಿದರು. ಈ ಎರಡನೆಯ ಪಕ್ಷದ ಬೆಂಬಲಿಗರಲ್ಲಿ ಕೆಲವರು ‘ಖಗೋಳ ವಿಜ್ಞಾನವೇ ಇದನ್ನು ಸಾಬೀತುಪಡಿಸಿದೆ’ ಎನ್ನುವುದುಂಟು. ನನ್ನ ಆಕ್ಷೇಪ ಆ ಮಾತಿಗೆ.

ವಾದದ ಬೇರು ಇತಿಹಾಸಕಾರ ಜೋಸೀಫಸ್ ಬರೆದ ಒಂದು ವಾಕ್ಯ. ಹೆರೋದ ಕೆಲವರನ್ನು ಸುಡಿಸಿದ ರಾತ್ರಿ ಚಂದ್ರಗ್ರಹಣವಾಯಿತು. ಅನಂತರ ಅರಸ ಸತ್ತ. ಆಮೇಲೆ ಪಸ್ಕ ಹಬ್ಬ ಬಂತು. ಜೋಸೀಫಸನ ಅಷ್ಟೂ ಬರಹದಲ್ಲಿ ಉಲ್ಲೇಖಗೊಂಡ ಚಂದ್ರಗ್ರಹಣ ಇದೊಂದೇ.

ಗ್ರಹಣವಾಗುವುದು ಹುಣ್ಣಿಮೆಯಂದು. ಪಸ್ಕವೂ ಹುಣ್ಣಿಮೆಯ ಹಬ್ಬ. ಆದ್ದರಿಂದ ಇವೆರಡರ ನಡುವಿನ ಅಂತರ ಸುಮಾರು ಇಪ್ಪತ್ತೊಂಬತ್ತೂವರೆ ದಿನಗಳ ಪೂರ್ಣ ಗುಣಕವೇ ಆಗಿರಬೇಕು. ನಮ್ಮ ಚಾಂದ್ರಮಾನ ಪಂಚಾಂಗ ನೋಡುವವರಿಗೆ ಇದನ್ನು ವಿವರಿಸಬೇಕಿಲ್ಲ. ಕ್ರಿ.ಪೂ. 4ರ ಮಾರ್ಚ್ 13ರ ಗ್ರಹಣದಿಂದ ಪಸ್ಕಕ್ಕೆ ಒಂದೇ ಚಾಂದ್ರಮಾಸ. ಕ್ರಿ.ಪೂ. 1ರ ಜನವರಿ 10ರ ಗ್ರಹಣದಿಂದ ಮೂರು. ಕ್ರಿ.ಪೂ. 5ರ ಸೆಪ್ಟೆಂಬರ್ 15ರದನ್ನು ಹಿಡಿದರೆ ಏಳು. ಮೊದಲನೆಯದು ಪಾರ್ಶ್ವ ಗ್ರಹಣ, ಉಳಿದೆರಡು ಸಂಪೂರ್ಣ.

ಈ ಲೆಕ್ಕಗಳನ್ನು ನಂಬಬಹುದೇ? ಧಾರಾಳವಾಗಿ. ಉಬ್ಬರವಿಳಿತದ ಘರ್ಷಣೆಯಿಂದ ಭೂಮಿಯ ಆವರ್ತನ ನಿಧಾನವಾಗುತ್ತಿದೆ. ದಿನದ ಅವಧಿ ಶತಮಾನಕ್ಕೆ ಎರಡು ಮಿಲಿಸೆಕೆಂಡಿಗಿಂತ ಕಡಿಮೆ ಹೆಚ್ಚುತ್ತದಾದರೂ, ಎರಡು ಸಾವಿರ ವರ್ಷಗಳಲ್ಲಿ ಅದು ಕೂಡಿ ಸುಮಾರು ಮೂರು ಗಂಟೆಗಳ ವ್ಯತ್ಯಾಸವಾಗುತ್ತದೆ. ಅದನ್ನೂ ಲೆಕ್ಕಕ್ಕೆ ಸೇರಿಸಿಯೇ ಗ್ರಹಣಗಳ ವೇಳೆಯನ್ನು ಹೇಳುತ್ತಾರೆ. (ನೀವೇ ಗಣಕದಲ್ಲಿ ಪರೀಕ್ಷಿಸುವುದಾದರೆ ಒಂದು ಎಚ್ಚರಿಕೆ: ಖಗೋಳಜ್ಞರ ಎಣಿಕೆಯಲ್ಲಿ ಸೊನ್ನೆಯ ವರ್ಷವಿದೆ, ಇತಿಹಾಸಕಾರರ ಎಣಿಕೆಯಲ್ಲಿಲ್ಲ. ಕ್ರಿ.ಪೂ. 4 ಬೇಕಾದರೆ ಮೈನಸ್ 3 ಎಂದು ಕೊಡಬೇಕು.)

ಆದರೆ ಗಣಿತ ಹೇಳುವುದು ಯಾವ ಯಾವ ಗ್ರಹಣಗಳು ನಡೆದವು ಎಂಬುದನ್ನು. ಜೋಸೀಫಸನ ಮನಸ್ಸಿನಲ್ಲಿದ್ದದ್ದು ಯಾವುದು ಎಂದು ಅದು ಹೇಳಲಾರದು. ಅದಕ್ಕೆ ನೆಲದ ಮೇಲಿನ ಸಾಕ್ಷ್ಯ ಬೇಕು.

ಕ್ರಿ.ಪೂ. 1ರ ಪಕ್ಷದವರ ಬಲವಾದ ವಾದವೂ ಅಲ್ಲಿಯದೇ. ಅರಸನ ಕಾಯಿಲೆ ಉಲ್ಬಣಿಸಿದ್ದು, ಕಲ್ಲಿರ್ಹೋಯ ಬಿಸಿನೀರಿನ ಬುಗ್ಗೆಗಳಿಗೆ ಹೋದದ್ದು, ಯೆರಿಕೋಗೆ ಮರಳಿದ್ದು, ಮಗ ಆಂಟಿಪೇಟರನನ್ನು ಕೊಲ್ಲಿಸಿದ್ದು, ಅದಾಗಿ ಐದು ದಿನಕ್ಕೆ ಸತ್ತದ್ದು, ಶವಯಾತ್ರೆ, ಏಳು ದಿನಗಳ ಶೋಕ, ಇಷ್ಟೆಲ್ಲ ಒಂದು ತಿಂಗಳಲ್ಲಿ ಮುಗಿದೀತೇ? ನ್ಯಾಯವಾದ ಪ್ರಶ್ನೆ.

ಈಗ ಇನ್ನೊಂದು ಬದಿ ನೋಡಿ. ಹೆರೋದನ ಮಗ ಆಂಟಿಪಾಸ್ ಹೊರಡಿಸಿದ ನಾಣ್ಯಗಳಲ್ಲಿ ‘43ನೆಯ ವರ್ಷ’ ಎಂದು ಕೆತ್ತಿದವು ದೊರೆತಿವೆ. ಅವನ ಆಳ್ವಿಕೆ ಕ್ರಿ.ಪೂ. 4ರಲ್ಲಿ ಆರಂಭವಾಯಿತೆಂದರೆ 43ನೆಯ ವರ್ಷ ಕ್ರಿ.ಶ. 39ಕ್ಕೆ ಬೀಳುತ್ತದೆ. ರೋಮನ್ ಚಕ್ರವರ್ತಿ ಅವನನ್ನು ಗಡೀಪಾರು ಮಾಡಿದ್ದು ಅದೇ ವರ್ಷ. ಕ್ರಿ.ಪೂ. 1ರಿಂದ ಎಣಿಸಿದರೆ ಕ್ರಿ.ಶ. 42, ಆಗ ಆತ ಅರಸನೇ ಅಲ್ಲ! ಇನ್ನೊಬ್ಬ ಮಗ ಆರ್ಕೆಲಾಸ್ ಕ್ರಿ.ಶ. 6ರಲ್ಲಿ, ತನ್ನ ಆಳ್ವಿಕೆಯ ಹತ್ತನೆಯ ವರ್ಷದಲ್ಲಿ, ಪದಚ್ಯುತನಾದ. ಅದೂ ಕ್ರಿ.ಪೂ. 4ಕ್ಕೇ ಹೊಂದುತ್ತದೆ. ಮಕ್ಕಳು ತಂದೆ ಬದುಕಿದ್ದಾಗಿನ ವರ್ಷಗಳನ್ನೂ ಸೇರಿಸಿಕೊಂಡರು ಎಂದು ಫಿಲ್ಮರ್ ಪಕ್ಷದವರು ಸಮಾಧಾನ ಹೇಳುತ್ತಾರೆ. ಒಂದು ಗ್ರಹಣವನ್ನು ಉಳಿಸಿಕೊಳ್ಳಲು ಇಬ್ಬರು ಅರಸರ ಎಣಿಕೆಯನ್ನು ತಿದ್ದುವುದು ನನಗೆ ದುಬಾರಿ ಎನಿಸುತ್ತದೆ.

ಇಷ್ಟು ಹಟವೇಕೆ? ಯೇಸು ಹುಟ್ಟಿದ್ದು ಹೆರೋದನ ಕಾಲದಲ್ಲಿ ಎನ್ನುತ್ತದೆ ಮತ್ತಾಯನ ಸುವಾರ್ತೆ. ಕ್ರಿ.ಪೂ. 2ರ ಜೂನ್ 17ರ ಸಂಜೆ ಗುರು ಮತ್ತು ಶುಕ್ರ ಒಂದೇ ಚುಕ್ಕೆಯೆಂಬಂತೆ ಕೂಡಿದ್ದವು. ಅದೇ ಬೆತ್ಲೆಹೇಮಿನ ನಕ್ಷತ್ರ ಎನ್ನಬೇಕಾದರೆ ಹೆರೋದ ಅಲ್ಲಿಯವರೆಗೆ ಬದುಕಿರಲೇಬೇಕು. ಬೇಕಾದ ಉತ್ತರವನ್ನು ಮೊದಲು ಇಟ್ಟುಕೊಂಡು ಗ್ರಹಣವನ್ನು ಆಮೇಲೆ ಆರಿಸುವುದಕ್ಕೆ ವಿಜ್ಞಾನದ ಹೆಸರೇಕೆ?

ಮಾರ್ಚ್ 13ರ ಗ್ರಹಣವನ್ನೇ ಹಿಡಿಯಬೇಕೆಂದೂ ಇಲ್ಲ. ಕ್ರಿ.ಪೂ. 5ರ ಸೆಪ್ಟೆಂಬರಿನ ಗ್ರಹಣವನ್ನು ಒಪ್ಪಿದರೆ ಘಟನೆಗಳಿಗೆ ಏಳು ತಿಂಗಳ ಕಾಲಾವಕಾಶ ಸಿಗುತ್ತದೆ, ಆಂಟಿಪಾಸನ ನಾಣ್ಯವೂ ಸುಳ್ಳಾಗುವುದಿಲ್ಲ. ಏಳು ತಿಂಗಳು ತೀರಾ ಹೆಚ್ಚಾಯಿತು ಎನ್ನುವವರಿದ್ದಾರೆ. ಆ ಚರ್ಚೆ ನಡೆಯಲಿ.