ಜಗಲಿಯಿಂದ ಕಂಡ ಹಳ್ಳಿ



ಹಳ್ಳಿಗೆ ಬಂದ ಸಂಶೋಧಕ ಮೊದಲು ಎಲ್ಲಿ ಕೂರುತ್ತಾನೆ? ಈ ಪ್ರಶ್ನೆಯನ್ನು ಯಾವ ವಿಶ್ವವಿದ್ಯಾಲಯದ ಪ್ರಶ್ನೆಪತ್ರಿಕೆಯೂ ಕೇಳುವುದಿಲ್ಲ. ನಾವು ಕೇಳುತ್ತೇವೆ. ಯಾಕೆಂದರೆ ಅವನು ಕೂತ ಜಗಲಿಗೆ ಎಷ್ಟು ಕಾಣುತ್ತದೋ ಅಷ್ಟೇ ಪುಸ್ತಕದಲ್ಲಿ ಹಳ್ಳಿಯಾಗುತ್ತದೆ. ಜಗಲಿಗೆ ಕಾಣದ ನಮ್ಮ ಕೇರಿ ಕೊನೆಯ ಕೋಷ್ಟಕದಲ್ಲಿ 'ಇತರೆ' ಆಗುತ್ತದೆ.

1948ರಲ್ಲಿ ಎಂ. ಎನ್. ಶ್ರೀನಿವಾಸ್ ಮೈಸೂರು ಸೀಮೆಯ ಒಂದು ಹಳ್ಳಿಗೆ ಬಂದರು. ಅದಕ್ಕೆ 'ರಾಂಪುರ' ಎಂದು ಹೆಸರಿಟ್ಟರು. ಊರ ಯಜಮಾನನಿಗೆ ಸೇರಿದ ಜಾಗದಲ್ಲೇ ಅವರ ಬಿಡಾರ. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಬೆಂಕಿ ಬಿದ್ದು, ಅವರು ವರ್ಷಗಟ್ಟಲೆ ಸಿದ್ಧಪಡಿಸಿದ್ದ ಟಿಪ್ಪಣಿಗಳು ಸುಟ್ಟುಹೋದವು. ನೆನಪಿನ ಬಲದಿಂದ ಬರೆದ 'ದಿ ರಿಮೆಂಬರ್ಡ್ ವಿಲೇಜ್' 1976ರಲ್ಲಿ ಬಂತು. ದೊಡ್ಡ ಪುಸ್ತಕ, ಸುಳ್ಳಿಲ್ಲ. ನಮ್ಮ ಬೆನ್ನಿನ ಮೇಲೆ ಕೂತವರನ್ನು 'ಪ್ರಬಲ ಜಾತಿ' ಎಂದು ಹೆಸರು ಹಿಡಿದು ಕರೆಯಲು ಕಲಿಸಿದವರೇ ಶ್ರೀನಿವಾಸ್. ಆ ಸಾಲ ನಮ್ಮ ಮೇಲಿದೆ.

ಆದರೆ ಟಿಪ್ಪಣಿ ಸುಟ್ಟ ಮೇಲೆ ನೆನಪಿನಲ್ಲಿ ಉಳಿಯುವುದು ಯಾವುದು? ಕೂತೆದ್ದ ಜಾಗ, ಉಂಡ ಮನೆ, ಮಾತಾಡಿಸಿದ ಜನ. ಹರಿಜನರ, ಮುಸಲ್ಮಾನರ ಬೀದಿಗಳಲ್ಲಿ ಹೆಚ್ಚು ಹೊತ್ತು ಕಳೆದಿದ್ದರೆ ಹಳ್ಳಿ ಬೇರೆ ರೀತಿ ಕಾಣುತ್ತಿತ್ತೆಂದು ಶ್ರೀನಿವಾಸರೇ ಒಪ್ಪಿಕೊಂಡಿದ್ದಾರೆ. ಈ ಪ್ರಾಮಾಣಿಕತೆಯನ್ನು ನಾವು ಗೌರವಿಸುತ್ತೇವೆ. ಗುರುಗಳು ಒಪ್ಪಿಕೊಂಡ ತಪ್ಪನ್ನು ಶಿಷ್ಯರು ಪದ್ಧತಿ ಮಾಡಿಕೊಂಡರಲ್ಲ, ನಮ್ಮ ತಕರಾರು ಅಲ್ಲಿದೆ.

ಇನ್ನೊಂದು ಪುಸ್ತಕ, ಸ್ಕಾರ್ಲೆಟ್ ಎಪ್‌ಸ್ಟೈನ್ ಅವರದು, 1962ರಲ್ಲಿ ಬಂದದ್ದು. ಈಕೆ ನಾಜಿಗಳ ಕಾಟಕ್ಕೆ ವಿಯೆನ್ನಾ ಬಿಟ್ಟು ಓಡಿದ ಯಹೂದಿ ಹೆಣ್ಣುಮಗಳು. ಐವತ್ತರ ದಶಕದಲ್ಲಿ ಮಂಡ್ಯದ ಹತ್ತಿರದ ಎರಡು ಹಳ್ಳಿಗಳನ್ನು ಹೋಲಿಸಿದರು. ಒಂದಕ್ಕೆ 'ವಂಗಲ', ಇನ್ನೊಂದಕ್ಕೆ 'ದಲೇನ' ಎಂದು ಹೆಸರಿಟ್ಟರು. ವಂಗಲಕ್ಕೆ ನಾಲೆ ನೀರು ಬಂತು. ದಲೇನದ ಭೂಮಿ ಎತ್ತರದಲ್ಲಿದ್ದುದರಿಂದ ನೀರು ಹತ್ತಲಿಲ್ಲ. ನೀರು ಬಂದ ಊರು ಕಬ್ಬು ಬೆಳೆದು ಸಕ್ಕರೆ ಕಾರ್ಖಾನೆಗೆ ಕೊಟ್ಟು ದುಡ್ಡು ಕಂಡಿತು. ಆದರೆ ಹಳೆಯ ಒಡೆಯ-ಆಳಿನ ಸಂಬಂಧ ಹಾಗೇ ಉಳಿಯಿತು. ನೀರು ಬಾರದ ಊರಿನವರು ಮಂಡ್ಯದಲ್ಲಿ ಕೆಲಸ ಹಿಡಿದರು, ಗಾಡಿ ಹೊಡೆದರು, ಗಿರಣಿ ಹಾಕಿದರು. ಅಲ್ಲಿ ಹಳೆಯ ಸಂಬಂಧ ಮುರಿಯಿತು.

ಈ ಮಾತು ನಮಗೆ ಬಹಳ ಮುಖ್ಯ. ನೀರು ಬಂದರೆ, ದುಡ್ಡು ಬಂದರೆ ಜಾತಿ ತಾನಾಗೇ ಹೋಗುತ್ತೆ ಎನ್ನುವವರ ಬಾಯಿಗೆ ಇದು ಬೀಗ. ಆದರೂ ಒಂದು ಪ್ರಶ್ನೆ ಉಳಿಯಿತು. ಈ ಕಥೆಯಲ್ಲಿ ಓಡಾಡುವವರೆಲ್ಲ ಭೂಮಿ ಉಳ್ಳವರು. ದಲೇನದಲ್ಲಿ ಆಳಿನ ಕೊರಳ ಹಗ್ಗ ಬಿಚ್ಚಿತು, ಸರಿ. ಬಿಚ್ಚಿಕೊಂಡವನು ಮಾರನೇ ದಿನ ಯಾರ ಗಿರಣಿ ಬಾಗಿಲಿಗೆ ಹೋಗಿ ನಿಂತ? ಅವನೇ ಒಂದು ಗಿರಣಿ ಹಾಕಿದ್ದರೆ ಊರವರು ಹಿಟ್ಟು ಬೀಸಿಸಿಕೊಳ್ಳುತ್ತಿದ್ದರೇ?

ಸುಮ್ಮನೆ ಕೇಳುತ್ತಿಲ್ಲ. ನಮ್ಮ ಕೇರಿಯ ಚಿಕ್ಕವ್ವ ಒಬ್ಬಳು ಸಾಲ ತೆಗೆದು ಬಸ್ ಸ್ಟಾಪಿನ ಪಕ್ಕ ಟೀ ಅಂಗಡಿ ಇಟ್ಟಳು. ಪರಊರಿನವರು ಕುಡಿದರು. ಊರವರು ಬಸ್ಸಿಗೆ ಕಾಯುತ್ತಾ ಅಂಗಡಿಗೆ ಬೆನ್ನು ಹಾಕಿ ನಿಂತರು. ಯಾರೂ ಬಯ್ಯಲಿಲ್ಲ, ಹೊಡೆಯಲಿಲ್ಲ. ಮೂರು ತಿಂಗಳಿಗೆ ಅಂಗಡಿ ಮುಚ್ಚಿತು, ಸಾಲ ಉಳಿಯಿತು. ಚಿಕ್ಕವ್ವ ಹೇಳಿದ್ದು ಇಷ್ಟೇ: "ನಮ್ಮ ಹಸೀನ ಹಾಲು ಡೈರಿ ಕ್ಯಾನಿಗೆ ಬಿದ್ರೆ ಊರೆಲ್ಲಾ ಕುಡೀತದೆ ಕಣಪ್ಪ. ಅದೇ ಹಾಲು ನನ್ನ ಲೋಟಕ್ಕೆ ಬಿದ್ರೆ ಮೈಲಿಗೆ."

ಆಮೇಲೆ ಸಣ್ಣ ವ್ಯಾಪಾರಗಳ ಸರ್ವೆಗೆಂದು ಒಬ್ಬ ಹುಡುಗ ಬಂದ. ಕೆಟ್ಟವನಲ್ಲ. ಚಿಕ್ಕವ್ವನ ಮನೆಯಲ್ಲಿ ಟೀ ಕುಡಿದ. ಆದರೆ ಅವನ ಫಾರಮ್ಮಿನಲ್ಲಿ ಬೆನ್ನು ಹಾಕಿ ನಿಂತವರಿಗೆ ಕಾಲಂ ಇರಲಿಲ್ಲ. ನಮ್ಮ ಮನೆಯಲ್ಲಿ ಮೊದಲು ಡಿಗ್ರಿ ಕಂಡವರು ನಾವು. ಕಾಲೇಜಿನ ಲೈಬ್ರರಿಯಲ್ಲಿ ಆ ವರದಿ ನಮ್ಮ ಕೈಗೇ ಸಿಕ್ಕಿತು. ನಮ್ಮೂರಿನ ಸಾಲಿನಲ್ಲಿ ಅಚ್ಚಾಗಿತ್ತು: ಮುಚ್ಚಿದ ಅಂಗಡಿ ಒಂದು, ಕಾರಣ ಬೇಡಿಕೆಯ ಕೊರತೆ. ಅಸ್ಪೃಶ್ಯತೆಗೆ ಅರ್ಥಶಾಸ್ತ್ರ ಇಟ್ಟ ಹೆಸರು ಇದು!

ಲೆಕ್ಕ ಸರಿಯಾಗಿ ಹಾಕಿದವರೂ ಇದ್ದಾರೆ. ಲಕ್ಷ್ಮಿ ಅಯ್ಯರ್, ತರುಣ್ ಖನ್ನಾ, ಅಶುತೋಷ್ ವಾರ್ಷ್ನೇಯ 1990, 1998, 2005ರ ಆರ್ಥಿಕ ಗಣತಿಗಳನ್ನು ಜಾತಿವಾರು ನೋಡಿ 2013ರಲ್ಲಿ ಪ್ರಕಟಿಸಿದರು. ದೇಶದ ಜನಸಂಖ್ಯೆಯಲ್ಲಿ ಪರಿಶಿಷ್ಟ ಜಾತಿಯವರು ಶೇ. 16ರಷ್ಟು; 2005ರಲ್ಲಿ ಅವರ ಒಡೆತನದ ಉದ್ಯಮಗಳು ಶೇ. 9.8 ಮಾತ್ರ. ಈ ಅಂತರ ಎಲ್ಲ ರಾಜ್ಯಗಳಲ್ಲೂ ಇದೆ. ಬಂಡವಾಳ, ಓದು ಇವುಗಳ ಕೊರತೆಯೊಂದರಿಂದಲೇ ಇದನ್ನು ವಿವರಿಸಲಾಗದು ಎಂದರು. ಹಾಗಾದರೆ ಇನ್ನುಳಿದ ಕಾರಣ ಯಾವುದು? ಚಿಕ್ಕವ್ವನ್ನ ಕೇಳಿ, ಹೇಳುತ್ತಾಳೆ.

ನಮ್ಮ ನಾಡಿನ ಪ್ರಾದೇಶಿಕ ಅಸಮಾನತೆಯ ಲೆಕ್ಕಕ್ಕೂ ಇದೇ ಮಾತು. ಡಿ. ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಿತು. ಅಂದಿನ 175 ತಾಲೂಕುಗಳಲ್ಲಿ 114 ಹಿಂದುಳಿದವು, ಅದರಲ್ಲಿ 39 ಅತ್ಯಂತ ಹಿಂದುಳಿದವು ಎಂದಿತು. ಕಲಬುರಗಿ, ರಾಯಚೂರು ಕಡೆಯ ಜನರ ನೋವಿಗೆ ಅಂಕಿ ಸಿಕ್ಕಿತು. ಮುಂದೆ ಹೋರಾಟದ ಫಲವಾಗಿ ಸಂವಿಧಾನಕ್ಕೆ 371ಜೆ ಕಲಮು ಬಂತು. ಇದು ನಮ್ಮದೂ ಜಯ. ಆದರೆ ತಾಲೂಕಿನ ಸರಾಸರಿ ಎಂದರೆ ಸಾಹುಕಾರನ ಊಟವನ್ನೂ ಕೂಲಿಯವಳ ಉಪವಾಸವನ್ನೂ ಕೂಡಿಸಿ ಇಬ್ಬರೂ ಅರೆಹೊಟ್ಟೆ ಉಂಡರು ಎಂದಂತೆ. ಮುಂದುವರಿದ ತಾಲೂಕಿನಲ್ಲೂ ಊರಿಗೂ ಕೇರಿಗೂ ನಡುವೆ ಇನ್ನೂರು ಹೆಜ್ಜೆ. ಆ ಇನ್ನೂರು ಹೆಜ್ಜೆಯ ಅಂತರ ಯಾವ ಭೂಪಟದಲ್ಲಿದೆ?

ಬರೀ ಬಯ್ದು ಕೂತರೆ ಆಗದು. 1916ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಜಾತಿಯ ಹುಟ್ಟಿನ ಬಗ್ಗೆ ಪ್ರಬಂಧ ಓದಿದಾಗ ಬಾಬಾಸಾಹೇಬರಿಗೆ ಇಪ್ಪತ್ತೈದು ವರ್ಷ. ನಮ್ಮ ವಾರಿಗೆಯವರೇ. ಅಳೆಸಿಕೊಳ್ಳುವ ಜನ ಅಳೆಯಲೂ ಬಲ್ಲರು ಎಂದು ಅವರು ಅವತ್ತೇ ತೋರಿಸಿದರು.

ಹಳ್ಳಿ ಮೇಷ್ಟ್ರುಗಳೇ, ಓದುವ ತಮ್ಮಂದಿರೇ, ತಂಗಿಯರೇ, ಒಂದು ನೋಟ್‌ಬುಕ್ಕು ತೆಗೆದುಕೊಳ್ಳಿ. ನಿಮ್ಮೂರಲ್ಲಿ ಎಷ್ಟು ಅಂಗಡಿ, ಹೋಟೆಲು, ಗಿರಣಿ, ಕ್ಷೌರದಂಗಡಿ ಇವೆ ಬರೆಯಿರಿ. ಯಾವುದು ಯಾರದು? ಅಲ್ಲಿ ಒಳಗೆ ಕೂರುವವರು ಯಾರು, ಹೊರಗೆ ನಿಲ್ಲುವವರು ಯಾರು? ಲೋಟ ಒಂದೇನಾ, ಬೇರೆ ಬೇರೆನಾ? ಕೇರಿಯವರು ಅಂಗಡಿ ಇಟ್ಟಿದ್ದರೆ ಗಿರಾಕಿ ಯಾರು? ಮುಚ್ಚಿದ್ದರೆ ಯಾರು ಬರಲಿಲ್ಲ? ಸಾಲ ಯಾರ ತಲೆ ಮೇಲಿದೆ? ಕೇರಿಯಲ್ಲಿ ಕೂತು ಬರೆಯಿರಿ. ಹೆಣ್ಣುಮಕ್ಕಳನ್ನು ಮೊದಲು ಕೇಳಿ. ಬರೆದದ್ದನ್ನು ಅವರಿಗೇ ಓದಿ ಹೇಳಿ; ತಪ್ಪಿದ್ದರೆ ಅವರು ತಿದ್ದಲಿ.

ಅಂಥ ನೂರು ನೋಟ್‌ಬುಕ್ಕು ಸೇರಿದರೆ 'ಬೇಡಿಕೆಯ ಕೊರತೆ' ಎಂದು ಬರೆಯುವ ಧೈರ್ಯ ಯಾವ ವರದಿಗೂ ಬರುವುದಿಲ್ಲ.