ನಾನೇ ಸುಟ್ಟ ಡಿಸ್ಕಿಗೆ ನಾನೇ ಬರೆದ ವಿಮರ್ಶೆ

ಹೋದ ದೀಪಾವಳಿಗೆ ಜೈನಾಪುರಕ್ಕೆ ಹೋದಾಗ ಕಾಕಾ ಅಲಮಾರದಿಂದ ಒಂದು ಸಿಡಿ ತೆಗೆದು ಕೈಗಿಟ್ಟರು. ಅದರ ಮೇಲೆ ಮಾರ್ಕರ್ ಪೆನ್ನಿನಲ್ಲಿ ‘ಭಜನಿ ಎಂಪಿ3’ ಅಂತ ನನ್ನದೇ ಅಕ್ಷರ. 2006ರಲ್ಲಿ, ಹಾಸ್ಟೆಲ್ ರೂಮಿನಲ್ಲಿ ಕೂತು ನಾನೇ ಸುಟ್ಟ ಡಿಸ್ಕು.

“ಇನ್ನೂ ಹಾಡ್ತೈತಿ ನೋಡೋ ತಮ್ಮಾ. ಆದ್ರ ಯಾವ ಹಾಡ ಯಾರ ಹಾಡ್ಯಾರ ಅನ್ನೂದ ತಿಳಿಯವಲ್ದು” ಅಂದರು.

ಬೇರೆಯವರ ಆಲ್ಬಮ್ಮುಗಳ ಬಗ್ಗೆ ಇಷ್ಟು ವರ್ಷ ಕೊಂಕು ತೆಗೆದಿದೀನಿ. ಈ ಸಲ ಇದೇ ಡಿಸ್ಕನ್ನು ವಿಮರ್ಶೆಗೆ ತಗೋತೀನಿ.

ಮೊದಲು ಹೊಗಳಿಕೆ. ಮಾಮೂಲಿ ಆಡಿಯೋ ಸಿಡಿಯಲ್ಲಿ ಹಿಡಿಯೋದು 74ರಿಂದ 80 ನಿಮಿಷ. ಅದು ಸೆಕೆಂಡಿಗೆ 44,100 ಸಲ ದನಿಯನ್ನು ಅಳೆದು, ಪ್ರತಿ ಅಳತೆಯನ್ನು 16 ಬಿಟ್‌ನಲ್ಲಿ, ಎಡಕ್ಕೊಂದು ಬಲಕ್ಕೊಂದು ಬರೆದಿಡುತ್ತೆ. ಲೆಕ್ಕ ಹಾಕಿದರೆ ಸೆಕೆಂಡಿಗೆ 1,411 ಕಿಲೋಬಿಟ್. ಎಂಪಿ3 ಅದನ್ನು 128ಕ್ಕೆ ಇಳಿಸುತ್ತೆ. ಅಂದರೆ ಹನ್ನೊಂದರಲ್ಲಿ ಒಂದು ಪಾಲು. 700 ಎಂಬಿ ಡಿಸ್ಕಿನಲ್ಲಿ ಹನ್ನೆರಡು ತಾಸಿಗೂ ಹೆಚ್ಚು ಸಂಗೀತ! ಮಲ್ಲಿಕಾರ್ಜುನ ಮನ್ಸೂರ, ಭೀಮಸೇನ ಜೋಶಿಯವರ ದಾಸವಾಣಿ, ಶರೀಫರ ತತ್ವಪದ ಎಲ್ಲಾ ಒಂದೇ ಕಡೆ. ಕಾಕಾನ ಹಳೇ ಪ್ಲೇಯರ್ ಮಾತ್ರ ಅದನ್ನು ಓದಲೇ ಇಲ್ಲ. ಯಾಕಂದ್ರೆ ಎಂಪಿ3 ಡಿಸ್ಕು ಹಾಡಿನ ತಟ್ಟೆ ಅಲ್ಲ, ಫೈಲುಗಳನ್ನು ತುಂಬಿದ ಡೇಟಾ ತಟ್ಟೆ. ಫೈಲು ಬಿಚ್ಚೋಕೆ ಬರುವ ಪ್ಲೇಯರ್ ಬೇಕು. ಆಮೇಲೆ ಹೊಸದು ತಂದರು.

ಉಳಿದ ಹತ್ತು ಪಾಲು ಎಲ್ಲಿ ಹೋಯ್ತು? ಸಂತೆಯಲ್ಲಿ ಧ್ವನಿವರ್ಧಕ ಕೂಗ್ತಿರುವಾಗ ಪಕ್ಕದವರ ಪಿಸುಮಾತು ಕೇಳಲ್ಲ, ಅಲ್ವಾ? ದೊಡ್ಡ ಸದ್ದಿನ ನೆರಳಲ್ಲಿ ಸಣ್ಣ ಸದ್ದು ಕಿವಿಗೆ ಸಿಗಲ್ಲ. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯವರು ಹಿಡಿದ ಸೂತ್ರ ಇದೇ: ಕೇಳದೇ ಇರೋದನ್ನು ಇಟ್ಟುಕೊಳ್ಳೋದ್ಯಾಕೆ? ಈ ನಂಬಿಕೆ ದಂಡ ಅಲ್ಲ. 128ರಲ್ಲಿ ಮನ್ಸೂರರ ದನಿ ಚೆನ್ನಾಗೇ ಉಳಿದಿದೆ. ತಂಬೂರಿಯ ಝೇಂಕಾರ ಒಂಚೂರು ಮಂಕು, ಅಷ್ಟೇ.

ಈಗ ಬೈಗುಳ. ಡಿಸ್ಕಿನ ಕೊನೆಯ ಫೋಲ್ಡರಿನಲ್ಲಿ ನಮ್ಮೂರ ಭಜನೆಯಿದೆ. ಕ್ಯಾಸೆಟ್ಟಿನಿಂದ ಇಳಿಸಿದ್ದು, 31 ಹಾಡು. ಜಾಗ ಉಳಿಸೋಣ ಅಂತ ಅವನ್ನು 64ಕ್ಕೆ ಹಿಂಡಿದ್ದೆ. ಅಲ್ಲಿ ತಾಳದ ಸದ್ದು ನೀರೊಳಗೆ ಮುಳುಗಿಸಿದ ಹಾಗೆ ಗುಳುಗುಳು ಅನ್ನುತ್ತೆ. ಕ್ಯಾಸೆಟ್ಟಿನ ‘ಸ್‌ಸ್’ ಅನ್ನೋ ಸದ್ದು ಎನ್‌ಕೋಡರಿಗೆ ಕಠಿಣ ತುತ್ತು. ಇದ್ದ ಬಿಟ್ಟುಗಳಲ್ಲಿ ಎಷ್ಟೋ ಅದಕ್ಕೇ ಖರ್ಚಾಗಿ ಹಾಡಿಗೆ ಉಳಿದಿದ್ದು ಚೂರುಪಾರು. ಇನ್ನೊಂದು ವಿಚಿತ್ರ ನೋಡಿ. ಗೋಳಗುಮ್ಮಟದಲ್ಲಿ ಚಪ್ಪಾಳೆ ತಟ್ಟಿದರೆ ಪ್ರತಿಧ್ವನಿ ಆಮೇಲೆ ಬರುತ್ತೆ, ಏಳು ಸಲ ಅಂತಾರೆ. ಕೆಟ್ಟದಾಗಿ ಹಿಂಡಿದ ಎಂಪಿ3ಯಲ್ಲಿ ಪ್ರತಿಧ್ವನಿ ಸದ್ದಿಗಿಂತ ಮೊದಲೇ ಬರುತ್ತೆ! ದನಿಯನ್ನು ತುಂಡು ತುಂಡು ಮಾಡಿ ಲೆಕ್ಕ ಹಾಕೋದ್ರಿಂದ, ತಬಲಾದ ಪೆಟ್ಟಿನ ತಪ್ಪು ಆ ಇಡೀ ತುಂಡಿಗೆ ಹರಡಿ, ಪೆಟ್ಟಿಗೆ ಮುಂಚೆಯೇ ಮಸುಕಾಗಿ ಕೇಳಿಸುತ್ತೆ.

ಇಷ್ಟಾದರೂ ಈ ತಪ್ಪುಗಳನ್ನು ನಾನು ಕ್ಷಮಿಸ್ತೀನಿ. ಕ್ಷಮಿಸೋಕಾಗದ್ದು ಬೇರೆ ಇದೆ. ಹಳೇ ಎಂಪಿ3 ಫೈಲಿನ ಬಾಲದಲ್ಲಿ 128 ಬೈಟಿನ ಒಂದು ಚೀಟಿ ಇರುತ್ತಿತ್ತು. ಹಾಡಿಗೆ 30, ಹಾಡಿದವರಿಗೆ 30, ಆಲ್ಬಮ್ಮಿಗೆ 30, ವರ್ಷಕ್ಕೆ 4, ಟಿಪ್ಪಣಿಗೆ 30. ಕನ್ನಡದ ಒಂದೊಂದು ಅಕ್ಷರ ಚಿಹ್ನೆಗೆ ಯೂನಿಕೋಡಿನ ಯುಟಿಎಫ್-8 ರೂಪದಲ್ಲಿ ಮೂರು ಬೈಟು ಬೇಕು, ಹಾಗಾಗಿ ಮನ್ಸೂರರ ಪೂರ್ತಿ ಹೆಸರು ಅದರಲ್ಲಿ ಕೂರಲ್ಲ. ಆದ್ರೆ ಇಂಗ್ಲಿಷಿನಲ್ಲಾದರೂ ಬರೀಬಹುದಿತ್ತು. ನಾನು ಬರೆದಿದ್ದು ‘ಟ್ರ್ಯಾಕ್ 01’, ‘ಟ್ರ್ಯಾಕ್ 02’. ರಾಗ ಇಲ್ಲ, ತಬಲಾ ಯಾರದು ಅಂತ ಇಲ್ಲ, ವರ್ಷ ಇಲ್ಲ. ಎಂಪಿ3 ಬಿಸಾಕಿದ್ದು ಕಿವಿಗೆ ಬೇಡವಾದದ್ದನ್ನ. ನಾನು ಬಿಸಾಕಿದ್ದು ಬೇಕಾದದ್ದನ್ನೇ.

ಮನ್ಸೂರರ ರಾಗವನ್ನು ಇವತ್ತೂ ಹುಡುಕಿ ಬರೀಬಹುದು, ಅವರ ಧ್ವನಿಮುದ್ರಣ ಬೇರೆ ಕಡೆ ಇದೆ. ಊರ ಭಜನೆಯದ್ದು ಹಾಗಲ್ಲ. “ಎಲ್ಲಾ ಕಂಪ್ಯೂಟರಿನ್ಯಾಗ ಬಂತು ಕಾಕಾ, ಇನ್ನ ಕ್ಯಾಸೆಟ್ ಬ್ಯಾಡ” ಅಂದವನು ನಾನೇ. ಅದರ ಮೇಲೆ ಯಾವುದೋ ಸಿನಿಮಾ ಹಾಡು ತುಂಬಿಸಿಕೊಂಡರು. ಈಗ ಆ 64 ಕಿಲೋಬಿಟ್ಟೇ ಮೂಲ. ಅದನ್ನು ಮತ್ತೆ ಆಡಿಯೋ ಸಿಡಿಯಾಗಿ ಸುಟ್ಟರೆ ಜಾಗ ಹಿಗ್ಗುತ್ತೆ, ಹೋದದ್ದು ಬರಲ್ಲ. ಹಿಂಡಿದ ಕಬ್ಬನ್ನು ನೀರಲ್ಲಿ ನೆನೆಸಿದರೆ ರಸ ಬರುತ್ತಾ?

ನಿಮ್ಮ ಮನೆ ಅಟ್ಟದ ಮೇಲೂ ಕ್ಯಾಸೆಟ್ಟಿದ್ದರೆ ಮೊದಲು ಫ್ಲ್ಯಾಕ್‌ಗೆ ಇಳಿಸಿಕೊಳ್ಳಿ. ಅದು ಸುಮಾರು ಅರ್ಧ ಜಾಗ ಉಳಿಸುತ್ತೆ, ಒಂದು ಬಿಟ್ಟನ್ನೂ ಬಿಸಾಕಲ್ಲ. ಫೋನಿಗೆ ಬೇಕಾದರೆ ಅದರಿಂದ ಎಂಪಿ3 ಮಾಡಿಕೊಳ್ಳಿ. ಕ್ಯಾಸೆಟ್ಟನ್ನು ಮಾತ್ರ ಎಸೀಬೇಡಿ. ಹೆಸರು ಗೊತ್ತಿರುವವರು ಇರುವಾಗಲೇ ಅವರ ಪಕ್ಕ ಕೂತು ಬರೆದುಕೊಳ್ಳಿ.

ಆ ರಾತ್ರಿ ಕಾಕಾ ಮತ್ತೆ ನಾನು ನೋಟ್‌ಬುಕ್ ಹಿಡಿದು ಕೂತ್ವಿ. “ಇದು ನಿಮ್ಮಜ್ಜಂದು. ಕೆಮ್ಮ ನೋಡ, ಪದಾ ಸುರು ಮಾಡೂಕಿಂತ ಮದಲ ಹಂಗ ಕೆಮ್ಮತಿದ್ರು” ಅಂದರು ಏಳನೇ ಹಾಡಿಗೆ. ಆ ಕೆಮ್ಮನ್ನು ಮಾತ್ರ 64 ಕಿಲೋಬಿಟ್ ಕೆಡಿಸಿರಲಿಲ್ಲ. 31ರಲ್ಲಿ 23 ಹಾಡಿಗೆ ಹೆಸರು ಸಿಕ್ಕಿತು. ಉಳಿದ ಎಂಟರಲ್ಲಿ ಹಾಡಿದವರನ್ನು ಗುರುತಿಸುವವರು ಊರಲ್ಲಿ ಈಗ ಯಾರೂ ಇಲ್ಲ.