ಹಾಳೆಯ ಅಂಚಿನ ಷರಾ

ಮನುಷ್ಯರನ್ನು ಚಂದ್ರನತ್ತ ಒಯ್ದ ಸ್ಯಾಟರ್ನ್ 5 ರಾಕೆಟ್ ರೂಪುಗೊಂಡದ್ದು ಅಮೆರಿಕದ ಹಂಟ್ಸ್‌ವಿಲ್‌ನಲ್ಲಿರುವ ನಾಸಾದ ಮಾರ್ಷಲ್ ಕೇಂದ್ರದಲ್ಲಿ. ಸಾವಿರಾರು ಜನ ದುಡಿಯುತ್ತಿದ್ದ ಆ ಕೇಂದ್ರದ ನಿರ್ದೇಶಕ ವರ್ನರ್ ವಾನ್ ಬ್ರೌನ್, ಸುಮಾರು ಎರಡು ಡಜನ್ ಮುಖ್ಯಸ್ಥರಿಂದ ವಾರಕ್ಕೊಂದು ಹಾಳೆ ಬರೆಸಿಕೊಳ್ಳುತ್ತಿದ್ದ. ಕೆಲಸ ಎಲ್ಲಿಗೆ ಬಂತು, ಎಲ್ಲಿ ತೊಡಕಾಗಿದೆ, ಅಷ್ಟೇ. ಒಂದೇ ಪುಟ, ನಮೂನೆಯ ಗೊಡವೆಯಿಲ್ಲ. ಅದಕ್ಕೆ ‘ಸೋಮವಾರದ ಟಿಪ್ಪಣಿ’ ಎಂದೇ ಹೆಸರಾಯಿತು.

ವರದಿ ತರಿಸಿಕೊಳ್ಳುವುದು ಯಾವ ಮೇಲಧಿಕಾರಿಗೂ ಗೊತ್ತು. ಈ ಪದ್ಧತಿಯ ಹೆಚ್ಚುಗಾರಿಕೆ ಇದ್ದದ್ದು ಹಾಳೆಯ ಅಂಚಿನಲ್ಲಿ. ವಾನ್ ಬ್ರೌನ್ ಪ್ರತಿಯೊಂದನ್ನೂ ಓದಿ, ತನ್ನ ಕೈಯಾರೆ ಅಂಚಿನಲ್ಲಿ ಷರಾ ಬರೆಯುತ್ತಿದ್ದ: ಒಂದು ಪ್ರಶ್ನೆ, ಒಂದು ಶಹಬ್ಬಾಸ್, ಒಂದು ಸಲಹೆ. ಕೆಳಗೆ ‘ಬಿ’ ಎಂಬ ಒಂದಕ್ಷರದ ಸಹಿ. ಆಮೇಲೆ ಷರಾ ಸಮೇತ ಎಲ್ಲ ಹಾಳೆಗಳ ಪ್ರತಿ ತೆಗೆದು, ಬರೆದವರ ಹೆಸರಿನ ಅಕಾರಾದಿಯಲ್ಲಿ ಜೋಡಿಸಿ, ಎಲ್ಲರಿಗೂ ಹಂಚಲಾಗುತ್ತಿತ್ತು. ಹೀಗಾಗಿ ಒಬ್ಬನ ತೊಡಕು ಪಕ್ಕದ ಪ್ರಯೋಗಾಲಯಕ್ಕೂ ತಿಳಿಯುತ್ತಿತ್ತು. ನಿರ್ದೇಶಕ ಯಾರಿಗೆ ಏನೆಂದ ಎಂಬುದೂ ಗುಟ್ಟಾಗಿ ಉಳಿಯುತ್ತಿರಲಿಲ್ಲ. ನಮ್ಮ ಕಚೇರಿಗಳ ವಾಟ್ಸಾಪ್ ಗುಂಪುಗಳಲ್ಲಿ ಸಿಬ್ಬಂದಿ ಕಷ್ಟಪಟ್ಟು ಬರೆದದ್ದಕ್ಕೆ ಮೇಲಿನವರಿಂದ ಹೆಬ್ಬೆರಳಿನ ಚಿಹ್ನೆಯೊಂದು ಬಂದು ಮಾತು ಮುಗಿಯುವುದನ್ನು ಕಂಡಾಗ ಈ ಷರಾಗಳ ಬೆಲೆ ಅರಿವಾಗುತ್ತದೆ.

ಸಂವಹನ ವಿದ್ವಾಂಸ ಫಿಲಿಪ್ ಟಾಂಪ್ಕಿನ್ಸ್ 1967ರಲ್ಲಿ ಅಲ್ಲಿ ಅಧ್ಯಯನ ನಡೆಸಿದಾಗ ಇನ್ನೊಂದು ಸಂಗತಿ ಹೊರಬಿತ್ತು. ಸೋಮವಾರದ ಹಾಳೆಗೆಂದು ಮುಖ್ಯಸ್ಥರು ತಮ್ಮ ಕೈಕೆಳಗಿನವರಿಂದ ಶುಕ್ರವಾರವೇ ಟಿಪ್ಪಣಿ ತರಿಸಿಕೊಳ್ಳುತ್ತಿದ್ದರು. ಓದುವವನೊಬ್ಬ ಇದ್ದಾನೆಂಬ ಭರವಸೆ ಕೆಳಗಿನ ಮೆಟ್ಟಿಲವರೆಗೂ ಇಳಿದಿತ್ತು.

ಕೊರತೆಯೂ ಅಲ್ಲೇ ಇದೆ. ಎಲ್ಲವೂ ಒಬ್ಬನ ತಾಳ್ಮೆಯನ್ನು ನೆಚ್ಚಿಕೊಂಡಿತ್ತು. 1970ರಲ್ಲಿ ಆತ ಕೇಂದ್ರ ಬಿಟ್ಟ; ಟಿಪ್ಪಣಿಯ ಪದ್ಧತಿ ಮೊದಲಿನಂತೆ ಉಳಿಯಲಿಲ್ಲ. 1986ರ ಜನವರಿ 28ರಂದು ಚಾಲೆಂಜರ್ ನೌಕೆ ಹಾರಿದ 73 ಸೆಕೆಂಡಿಗೆ ಛಿದ್ರವಾಗಿ ಏಳು ಮಂದಿ ಪ್ರಾಣ ಕಳೆದುಕೊಂಡರು. ಅದರ ಬೂಸ್ಟರುಗಳ ಹೊಣೆ ಇದೇ ಮಾರ್ಷಲ್ ಕೇಂದ್ರದ್ದು. ಕೊರೆಯುವ ಚಳಿಯಲ್ಲಿ ಬೂಸ್ಟರಿನ ಕೀಲು ಮುಚ್ಚುವ ರಬ್ಬರಿನ ಓ-ರಿಂಗ್ ನಂಬುವಂತಿಲ್ಲವೆಂದು ತಯಾರಕ ಕಂಪನಿಯ ಎಂಜಿನಿಯರುಗಳು ಹಿಂದಿನ ರಾತ್ರಿ ದೂರವಾಣಿ ಸಭೆಯಲ್ಲಿ ವಾದಿಸಿದ್ದರು. ಉಡಾವಣೆಗೆ ಒಪ್ಪಿಗೆ ಕೊಟ್ಟವರಿಗೆ ಆ ವಿರೋಧ ತಿಳಿದೇ ಇರಲಿಲ್ಲವೆಂದು ದುರಂತದ ತನಿಖೆ ನಡೆಸಿದ ರೋಜರ್ಸ್ ಆಯೋಗ ಕಂಡುಕೊಂಡಿತು.

ಸೋಮವಾರದ ಟಿಪ್ಪಣಿ ಮೊದಲಿನಂತೆಯೇ ನಡೆದಿದ್ದರೆ ದುರಂತ ತಪ್ಪುತ್ತಿತ್ತೆನ್ನುವುದು ದುಡುಕಿನ ಮಾತು. ವೇಳಾಪಟ್ಟಿಯ ಒತ್ತಡವೂ ಅಲ್ಲಿತ್ತು. ಆದರೆ ಮಾಹಿತಿಗೆ ಬರವಿರಲಿಲ್ಲ. ಓ-ರಿಂಗ್ ಸವೆಯುತ್ತಿರುವುದು ಬೇರೊಂದು ನೌಕೆಯ 1981ರ ಹಾರಾಟದಿಂದಲೇ ಕಾಗದದ ಮೇಲಿತ್ತು.